ನಮ್ಮ ಮನೆಗೆ ಯಾರೂ ಬಂದೇ ಇಲ್ಲವಲ್ಲ?

ವಯಸ್ಕರ ಓದು ಮತ್ತು ಲೆಕ್ಕದ ಸಾಮರ್ಥ್ಯ ಅಳೆಯುವ ಸಮೀಕ್ಷೆಗಳ ಬಗ್ಗೆ ಬಾಯಿ ಬಿಟ್ಟರೆ ಸಾಕು, ಈ ಪ್ರಶ್ನೆ ತಪ್ಪದೆ ಬರುತ್ತದೆ: "ಐದು ಸಾವಿರ ಜನರನ್ನ ಕೇಳಿ ಇಡೀ ದೇಶದ ಯೋಗ್ಯತೆ ಹೇಗೆ ಹೇಳ್ತೀರಿ? ನಮ್ಮ ಮನೆಗೆ ಯಾರೂ ಬಂದೇ ಇಲ್ಲವಲ್ಲ?" ಕೇಳುವವರ ದನಿಯಲ್ಲಿ ಹಗರಣ ಪತ್ತೆ ಹಚ್ಚಿದ ಗೆಲುವು. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಈ ಬರಹ ಕಳಿಸಿ ಸುಮ್ಮನಾಗುತ್ತೇನೆ.

ಮೊದಲಿಗೆ, ನಿಮ್ಮ ಮನೆಗೆ ಬಂದಿದ್ದಾರೆ. 2011ರ ಜನಗಣತಿಯವರು ಮನೆ ಮನೆಗೂ ಬಂದಿದ್ದರು. ಅದರ ಪ್ರಕಾರ, 7 ವರ್ಷ ತುಂಬಿದ ಯಾರೇ ಆಗಲಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು, ಬರೆಯಲು ಬಂದರೆ ಸಾಕ್ಷರರು. ಬರುತ್ತದೋ ಇಲ್ಲವೋ ಅಂತ ಓದಿಸಿ ನೋಡುವ ಪರಿಪಾಠ ಇಲ್ಲ. ಮನೆಯಲ್ಲಿ ಸಿಕ್ಕ ಒಬ್ಬರು ಎಲ್ಲರ ಪರವಾಗಿ "ಹೂಂ, ಬರುತ್ತೆ" ಅನ್ನುತ್ತಾರೆ, ಗಣತಿದಾರರು ಬರೆದುಕೊಳ್ಳುತ್ತಾರೆ. ಕರ್ನಾಟಕದ ಸಾಕ್ಷರತೆ ಶೇ 75.36 ಎಂಬುದು ಹೀಗೆ ಬಂದ ಉತ್ತರಗಳ ಮೊತ್ತ. ಲೆಕ್ಕ ಬರುತ್ತದೆಯೇ ಎಂದು ಜನಗಣತಿ ಕೇಳುವುದೇ ಇಲ್ಲ. ಎಲ್ಲರ ಮನೆಗೂ ಹೋಗಿ ಬಂದ ಸಂಖ್ಯೆ ಅದು. ಈಗ ಸಮಾಧಾನವೇ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 15ರಿಂದ 49 ವರ್ಷದವರ ಕೈಗೆ ಒಂದು ಚೀಟಿ ಕೊಟ್ಟು, ಅದರಲ್ಲಿರುವ ಒಂದು ವಾಕ್ಯವನ್ನು ಓದಿಸುತ್ತಾರೆ. ಆದರೆ ಐದನೇ ಸುತ್ತಿನ ಲೆಕ್ಕದಲ್ಲಿ 9ನೇ ತರಗತಿ ಅಥವಾ ಅದಕ್ಕಿಂತ ಹೆಚ್ಚು ಕಲಿತವರು ಓದದೆಯೇ ಸಾಕ್ಷರರು. ಉಳಿದವರು ಆ ವಾಕ್ಯದಲ್ಲಿ ಒಂದು ತುಂಡು ಓದಿದರೂ ಪಾಸು. ಹಿಂದಿನ ಸುತ್ತಿನಲ್ಲಿ ಈ ಗೆರೆ 6ನೇ ತರಗತಿಯಲ್ಲಿತ್ತು. ಗೆರೆ ಸರಿದದ್ದನ್ನು ಗಮನಿಸದೆ ಎರಡು ಸುತ್ತುಗಳನ್ನು ಹೋಲಿಸಿ "ಸಾಕ್ಷರತೆ ಏರಿತು, ಇಳಿಯಿತು" ಎಂದು ಬರೆಯುವವರಿಗೇನೂ ಕೊರತೆಯಿಲ್ಲ.

ನೀವು ಕೇಳುವ "ಐದು ಸಾವಿರ" ಬರುವುದು ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ವಯಸ್ಕರ ಕೌಶಲ ಸಮೀಕ್ಷೆಯಿಂದ, ಪಿಯಾಕ್ ಅನ್ನುತ್ತಾರೆ. ಎರಡನೇ ಆವೃತ್ತಿ 2022–23ರಲ್ಲಿ 31 ದೇಶ, ಪ್ರದೇಶಗಳಲ್ಲಿ ನಡೆಯಿತು. 16ರಿಂದ 65 ವರ್ಷದ ಸುಮಾರು 1.6 ಲಕ್ಷ ಜನ, ಅಂದರೆ ಸರಾಸರಿ ಒಂದೊಂದು ಕಡೆ ಐದು ಸಾವಿರ. ಭಾರತ ಇದರಲ್ಲಿ ಇರಲಿಲ್ಲ, ಹಾಗಾಗಿ ನಿಮ್ಮ ಮನೆಗೆ ಬರುವ ಪ್ರಶ್ನೆಯೇ ಇಲ್ಲ. 5,000 ಜನರನ್ನು ನಿಜವಾಗಿಯೂ ಚೀಟಿ ಎತ್ತಿದಂತೆ ಆರಿಸಿದರೆ ಶೇಕಡಾವಾರು ಉತ್ತರದಲ್ಲಿ ನೂರಕ್ಕೆ 95 ಸಲ ಹೆಚ್ಚೆಂದರೆ 1.4 ಅಂಶ ಆಚೀಚೆ ಆದೀತು. ಓಡಾಟದ ಖರ್ಚು ಉಳಿಸಲು ಒಂದೇ ಬಡಾವಣೆಯಲ್ಲಿ ಹಲವು ಮನೆ ಹಿಡಿಯುವುದರಿಂದ ಅದು 2ರ ಹತ್ತಿರ ಹೋಗುತ್ತದೆ, ಯಾಕೆಂದರೆ ಅಕ್ಕಪಕ್ಕದವರು ಒಂದೇ ಥರ ಇರುತ್ತಾರೆ. ದೇಶದಲ್ಲಿ 55 ಲಕ್ಷ ಜನ ಇದ್ದರೂ 33 ಕೋಟಿ ಇದ್ದರೂ ಈ ಲೆಕ್ಕ ಹೆಚ್ಚುಕಡಿಮೆ ಅದೇ. ದಯವಿಟ್ಟು ಅನ್ನದ ಅಗುಳಿನ ಉದಾಹರಣೆ ತರಬೇಡಿ. ಅನ್ನ ಒಂದೇ ಹದದಲ್ಲಿ ಬೆಂದಿರುತ್ತದೆ, ಊರು ಹಾಗಲ್ಲ. ಅದಕ್ಕೇ ಒಂದು ಅಗುಳು ಸಾಲದೆ ಐದು ಸಾವಿರ ಬೇಕಾಗಿರುವುದು.

ಮನೆಗಳನ್ನು ಆರಿಸುವ ದೇಶಗಳಲ್ಲಿ, ಮನೆ ಆರಿಸಿದ ಮೇಲೆ ಆ ಮನೆಯ ದೊಡ್ಡವರ ಪಟ್ಟಿ ಮಾಡಿ ಟ್ಯಾಬ್‌ಗೆ ಹಾಕುತ್ತಾರೆ. ಯಾರನ್ನು ಕೂರಿಸಬೇಕು ಎಂದು ಟ್ಯಾಬ್ ಹೇಳುತ್ತದೆ. ಬಾಗಿಲು ತೆಗೆದವರನ್ನೇ ಕೂರಿಸಿದರೆ ಹಗಲು ಮನೆಯಲ್ಲಿರುವವರೇ ದೇಶವಾಗಿಬಿಡುತ್ತಾರೆ. ಆಯ್ಕೆಯಾದವರು ಕೆಲಸಕ್ಕೆ ಹೋಗಿದ್ದರೆ ಸಂಜೆ ಮತ್ತೆ ಹೋಗಬೇಕು, ಪಕ್ಕದ ಮನೆಯವರನ್ನು ಹಿಡಿದು ತರುವಂತಿಲ್ಲ. ಓದು, ಉದ್ಯೋಗದ ಪ್ರಶ್ನೆಗಳಾದ ಮೇಲೆ ಸುಮಾರು ಒಂದು ಗಂಟೆಯ ಪರೀಕ್ಷೆ, ಗಡಿಯಾರ ಹಿಡಿದು ಅವಸರಿಸುವುದಿಲ್ಲ. ಶುರುವಿನ ಸುಲಭ ಪ್ರಶ್ನೆಗಳಲ್ಲೇ ಎಡವಿದವರಿಗೆ ಬುಡದ ಪ್ರಶ್ನೆಗಳು ಮಾತ್ರ: ಈ ವಾಕ್ಯಕ್ಕೆ ಅರ್ಥವಿದೆಯೇ, ಚಿತ್ರದಲ್ಲಿ ಎಷ್ಟಿವೆ, ಯಾವುದು ದೊಡ್ಡ ಸಂಖ್ಯೆ. ಮಿಕ್ಕವರಿಗೆ ಅವರವರ ಮಟ್ಟ ನೋಡಿ ಪ್ರಶ್ನೆಗಳು ಬದಲಾಗುತ್ತವೆ.

ಅಂದರೆ ನಿಮ್ಮ ಮನೆಗೆ ಬಂದಿದ್ದರೂ ನಿಮಗೆ ಅಂಕಪಟ್ಟಿ ಸಿಗುತ್ತಿರಲಿಲ್ಲ. ಒಬ್ಬೊಬ್ಬರೂ ಕೆಲವೇ ಪ್ರಶ್ನೆಗಳಿಗೆ ಉತ್ತರಿಸುವುದರಿಂದ ಖಚಿತ ಅಂಕ ಹೇಳಲಾಗದು, ಹಾಗಾಗಿ ಒಬ್ಬೊಬ್ಬರಿಗೂ 0ರಿಂದ 500ರ ಅಳತೆಯಲ್ಲಿ 10 ಸಂಭಾವ್ಯ ಅಂಕಗಳನ್ನು ಕಂಪ್ಯೂಟರ್ ಎಳೆದು ಇಡುತ್ತದೆ. ಹತ್ತರಿಂದಲೂ ಬೇರೆ ಬೇರೆ ಲೆಕ್ಕ ಮಾಡಿ ಕೊನೆಗೆ ಫಲಿತಾಂಶ ಕೂಡಿಸಬೇಕು. ಮೊದಲೇ ಹತ್ತರ ಸರಾಸರಿ ತೆಗೆದು "ಇವರ ಅಂಕ ಇಷ್ಟು" ಎಂದರೆ ಜನರ ನಡುವಿನ ಅಂತರ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸಂಶೋಧನಾ ಪ್ರಬಂಧಗಳಲ್ಲೂ ಈ ತಪ್ಪು ಆಗುತ್ತದೆ.

ಇಷ್ಟೆಲ್ಲ ಅನುಮಾನ ಇರುವವರು ಯಾಕೋ ಒಂದನ್ನು ಮಾತ್ರ ಕೇಳುವುದಿಲ್ಲ: ಆಯ್ಕೆಯಾದವರಲ್ಲಿ ಕೂತು ಉತ್ತರಿಸಿದವರೆಷ್ಟು? ಹಲವು ದೇಶಗಳಲ್ಲಿ ಅರ್ಧದಷ್ಟೂ ಇಲ್ಲ. ಓದು ಕಷ್ಟವೆನಿಸುವವರೇ "ಟೈಮಿಲ್ಲ" ಎಂದು ಬಾಗಿಲು ಹಾಕಿಕೊಂಡರೆ ಸರಾಸರಿ ಸುಳ್ಳಾಗಿಯೇ ಮೇಲೇರುತ್ತದೆ. ವಯಸ್ಸು, ಲಿಂಗ, ಶಿಕ್ಷಣದ ಪ್ರಕಾರ ಕಡಿಮೆ ಸಿಕ್ಕ ಗುಂಪಿನವರ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟು ಸರಿಪಡಿಸುತ್ತಾರೆ, ನಿಜ. ಆದರೆ ಅಷ್ಟೇ ಓದಿದ ಇಬ್ಬರಲ್ಲಿ ಹಿಂಜರಿದವರು ಯಾರು ಎಂಬುದು ತೂಕಕ್ಕೆ ಸಿಗುವುದಿಲ್ಲ. ಮೊದಲ ಆವೃತ್ತಿಯ ರಷ್ಯಾ ದತ್ತಾಂಶದಲ್ಲಿ ಮಾಸ್ಕೋ ನಗರವೇ ಇಲ್ಲ. ಎರಡನೆಯದರಲ್ಲಿ ಪೋಲೆಂಡಿನ ಫಲಿತಾಂಶದ ಜೊತೆ ಎಚ್ಚರಿಕೆಯ ಟಿಪ್ಪಣಿ ಇದೆ, ಉತ್ತರಿಸಿದ ರೀತಿಯೇ ಅಸಹಜವಾಗಿದ್ದವರು ಅಲ್ಲಿ ತುಂಬ ಇದ್ದರು.

ಭಾಷೆಯದ್ದು ಇನ್ನೊಂದು. ನಮ್ಮ ಜನಗಣತಿಗೆ ಯಾವ ಭಾಷೆಯಾದರೂ ನಡೆಯುತ್ತದೆ. ಪಿಯಾಕ್ ಆ ದೇಶದ ಭಾಷೆಯಲ್ಲೇ ಓದಿಸುತ್ತದೆ. ಜರ್ಮನಿಯಲ್ಲಿರುವ ಕನ್ನಡಿಗ ಎಂಜಿನಿಯರ್‌ಗೆ ಜರ್ಮನ್ ಅಷ್ಟಕ್ಕಷ್ಟೇ ಆಗಿದ್ದರೆ ಅವರು ಕೆಳಗಿನ ಮಟ್ಟದಲ್ಲಿ ಕೂರಬೇಕು. ಆ ಭಾಷೆ ಸುತರಾಂ ಬಾರದವರಿಗೆ ಎರಡನೇ ಆವೃತ್ತಿಯಲ್ಲಿ ಅವರ ಭಾಷೆಯಲ್ಲೇ ಬಾಗಿಲ ಬಳಿಯ ಚುಟುಕು ಸಂದರ್ಶನ ಮಾಡಿ, ವಯಸ್ಸು, ಓದು ನೋಡಿ ಅಂಕ ಅಂದಾಜಿಸಿದರು.

ಕೊನೆಗೆ, ಏನು ಕೊಟ್ಟು ನೋಡಿದರು ಎಂದೂ ಕೇಳಿ. ಪ್ರಥಮ್ ಸಂಸ್ಥೆಯವರ ಶಿಕ್ಷಣ ಸಮೀಕ್ಷೆಯಾದ ಅಸರ್, 2023ರಲ್ಲಿ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರಿಗೆ ಸ್ಕೇಲಿನ ಮೇಲಿಟ್ಟ ವಸ್ತುವಿನ ಉದ್ದ ಕೇಳಿತು. ವಸ್ತುವಿನ ತುದಿ ಸೊನ್ನೆಗೆ ಸರಿಯಾಗಿ ಇದ್ದಾಗ ಸುಮಾರು ಶೇ 85 ಮಂದಿ ಸರಿ ಹೇಳಿದರು. ಸ್ವಲ್ಪ ಮುಂದಕ್ಕೆ ಸರಿಸಿ ಇಟ್ಟಾಗ ಶೇ 39. ಮೊದಲನೆಯದಕ್ಕೆ ಬಲತುದಿಯ ಅಂಕಿ ಓದಿದರೆ ಸಾಕು, ಎರಡನೆಯದಕ್ಕೆ ಕಳೆಯಬೇಕು.