ತರಬೇತಿಗೆ ಸೇರಿದವರು ಯಾಕೆ ಉಳಿಯುತ್ತಾರೆ?

ರಾಯಚೂರು ಕಡೆಯ ಒಂದು ಉಚಿತ ಕೌಶಲ ತರಬೇತಿ ಕೇಂದ್ರದಲ್ಲಿ ನನ್ನ ಕೆಲಸ. ಊರೂರು ತಿರುಗಿ ಹುಡುಗ ಹುಡುಗಿಯರನ್ನು ಸೇರಿಸಬೇಕು, ಸೇರಿದವರು ಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು. ಸೇರಿಸುವುದು ಸುಲಭ. ಫೀಸ್ ಇಲ್ಲ, ಮುಗಿದ ಮೇಲೆ ಕೆಲಸ ಅಂದರೆ ಯಾರು ಬೇಡ ಅಂತಾರೆ? ಕಷ್ಟ ಶುರುವಾಗುವುದು ಆಮೇಲೆ.

ಬಿಟ್ಟು ಹೋದವರ ಬಗ್ಗೆ ಮೀಟಿಂಗಿನಲ್ಲಿ ಬರುವ ಮಾತು ಒಂದೇ: 'ಇವರಿಗೆ ಆಸಕ್ತಿ ಇಲ್ಲ.' ನಾನು ಒಪ್ಪುವುದಿಲ್ಲ. ದಸರಾ ಮುಗಿದು ಹತ್ತಿ ಬಿಡಿಸುವ ಕಾಲ ಬಂತು ಅಂದರೆ ಕ್ಲಾಸ್ ಅರ್ಧ ಖಾಲಿ. ಹೊಲದಲ್ಲಿ ಕೆಜಿ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ನಮ್ಮ ಹತ್ತಿರ ಇರುವುದು ಕೆಲವು ತಿಂಗಳ ನಂತರದ ಭರವಸೆ. ಮನೆಯಲ್ಲಿ ವಾರ ವಾರ ಸಂಘದ ಕಂತು ಕಟ್ಟುವವರಿಗೆ ಯಾವುದು ದೊಡ್ಡದು ಹೇಳಿ. ಇನ್ನು ಕೆಲವರು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಯುವನಿಧಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದು ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರೇ ಜಾಸ್ತಿ.

ಹಾಗಿದ್ದೂ ಕೆಲವರು ಉಳಿಯುತ್ತಾರೆ. ಮೊಬೈಲ್ ರಿಪೇರಿ ಬ್ಯಾಚಿನಲ್ಲಿ ಒಬ್ಬ ಹುಡುಗ ಇದ್ದ. ಒಂದು ದಿನ ಬಂದರೆ ಎರಡು ದಿನ ಚಕ್ಕರ್. ಒಮ್ಮೆ ಚಾರ್ಜ್ ಆಗದ ಚಿಕ್ಕಪ್ಪನ ಫೋನ್ ತಂದ. ಪಿನ್ ಹಾಕುವ ಜಾಗ ಕ್ಲೀನ್ ಮಾಡಿ ನೋಡಿದ, ಆಗಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದರು, ಅವನೇ ಬೆಸುಗೆ ಕರಗಿಸುವ ಹಾಟ್ ಏರ್ ಗನ್ ಹಿಡಿದು ಹಳೇ ಪೋರ್ಟ್ ಬಿಚ್ಚಿ ಹೊಸದು ಕೂರಿಸಿದ. ಪರದೆಯ ಮೇಲೆ ಬ್ಯಾಟರಿ ಗುರುತು ಬಂದಾಗ ಇಡೀ ಕ್ಲಾಸಿಗೆ ತೋರಿಸಿಕೊಂಡು ಬಂದ. ಆಮೇಲೆ ಊರಿನ ಕೆಟ್ಟ ಫೋನುಗಳೆಲ್ಲ ಅವನ ಬ್ಯಾಗಿನಲ್ಲಿ! ಕ್ಲಾಸ್ ತಪ್ಪಿಸಿದರೆ ಸಂಜೆ ಜನ ಮನೆಗೇ ಬಂದು ಕೇಳುತ್ತಾರಲ್ಲ. ಅವರಮ್ಮನೇ ಎಬ್ಬಿಸಿ ಕಳಿಸತೊಡಗಿದರು.

ನಾವು ಆಗ ಪಾಠದ ಕ್ರಮವನ್ನೇ ತಿರುವು ಮುರುವು ಮಾಡಿದೆವು. ಥಿಯರಿ ಹಿಂದಕ್ಕೆ. ಟೈಲರಿಂಗಿನಲ್ಲಿ ಮೊದಲು ಸೀರೆಗೆ ಫಾಲ್ ಹಚ್ಚುವುದು. ಬ್ಲೌಸ್ ಕೈಗೆ ಬರಲು ತಿಂಗಳುಗಟ್ಟಲೆ ಬೇಕು, ಫಾಲ್‌ಗೆ ಓಣಿಯಲ್ಲೇ ಗಿರಾಕಿ ಇದ್ದಾರೆ. ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ 'ಸುಮ್ನೆ ಯಾಕೆ ಹೋಗ್ತೀಯ' ಅನ್ನುವ ಮಾತು ಮನೆಯಲ್ಲಿ ನಿಲ್ಲುತ್ತದೆ. ಹೆಚ್ಚಿನವರು ಬಿಡುವುದು ಆ ಮಾತಿಗೇ.

ಹುಡುಗಿಯರ ವಿಷಯದಲ್ಲಿ ಬಸ್ಸೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಅವರ ಚಾರ್ಜಿನ ಚಿಂತೆ ಹೋಯಿತು, ಕೊನೆಯ ಬಸ್ಸಿನ ಚಿಂತೆ ಹೋಗಲಿಲ್ಲ. ಕ್ಲಾಸ್ ಅರ್ಧ ಗಂಟೆ ಮೊದಲೇ ಬಿಟ್ಟೆವು. ಅತಿಥಿಗಳನ್ನು ಕರೆಸಿ ಮಾಡಿಸಿದ ಸ್ಫೂರ್ತಿ ಭಾಷಣಗಳಿಗಿಂತ ಅದು ಜಾಸ್ತಿ ಕೆಲಸ ಮಾಡಿತು.

ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡಲು ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿ ನನಗೆ ಇಷ್ಟವಾಗುವುದೂ ಇದಕ್ಕೇ. ಊಟ, ವಸತಿ ಅಲ್ಲೇ. ಕೋರ್ಸ್ ಕೆಲವೇ ವಾರ. ಮುಗಿದ ಮೇಲೂ ಎರಡು ವರ್ಷ ಬೆನ್ನ ಹಿಂದೆ ಇರುತ್ತಾರೆ.

ಹತ್ತಿ ಮುಗಿದ ಮೇಲೆ, ಜನವರಿ ಕೊನೆಗೆ ಹೊಸ ಬ್ಯಾಚ್ ಇಡೋಣ ಅಂತ ಕೇಳಿದ್ದೇನೆ. ಮಾರ್ಚ್ ಒಳಗೆ ಟಾರ್ಗೆಟ್ ಮುಗಿಯಬೇಕಲ್ಲ ಅಂತಾರೆ ಮೇಲಿನವರು. ಈ ಸಲವೂ ದಸರಾ ಆದ ಮೇಲೆಯೇ ಶುರು.