ಓದಿ ಹೇಳಲಾಯಿತು, ಸರಿ ಇದೆ

ಉಡುಪಿ, 20 ಜುಲೈ 2025, ಭಾನುವಾರ
ರಾತ್ರಿ 10.40

ಮಧ್ಯಾಹ್ನ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಕರೆಂಟು ಎರಡು ಸಲ ಹೋಗಿ ಬಂತು. ಮೂರನೆಯ ಸಲ ಹೋಗುವ ಮೊದಲು ಬರೆದುಬಿಡುತ್ತೇನೆ.

ಇವತ್ತು ಚರ್ಚಿನಲ್ಲಿ ಆರಾಧನೆಯ ನಂತರ ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳಿದೆ, ಅಂದರೆ ದೇವರು ನನ್ನ ಬಾಳಿನಲ್ಲಿ ಏನು ಮಾಡಿದ ಎಂಬುದನ್ನು. ಜೀವಮಾನದಲ್ಲಿ ಮೊದಲ ಸಲ. ಐದು ನಿಮಿಷ ಕೊಟ್ಟಿದ್ದರು, ಮೂರೂವರೆಯಲ್ಲಿ ಮುಗಿಯಿತು. ಯಾರೂ ‘ಹಲ್ಲೆಲೂಯ’ ಅನ್ನಲಿಲ್ಲ, ಫ್ಯಾನಿನ ಕಿರ್ ಕಿರ್ ಮಾತ್ರ ಕೇಳುತ್ತಿತ್ತು. ಕಾರ್ಯದರ್ಶಿಯವರು ಗಡಿಯಾರ ನೋಡಿ, “ಇನ್ನೂ ಸಮಯ ಉಂಟು, ಒಂದು ವಚನ ಹೇಳಿ ಮುಗಿಸಿ” ಅಂದರು. ಆ ಗಳಿಗೆಗೆ ನನಗೆ ಬೈಬಲಿನ 23ನೆಯ ಕೀರ್ತನೆ ಕೂಡ ಬಾಯಿಗೆ ಬರಲಿಲ್ಲ. ಕೂತುಬಿಟ್ಟೆ.

ತಮಾಷೆ ಏನೆಂದರೆ, ಸಾಕ್ಷಿಯೇ ನನ್ನ ಹೊಟ್ಟೆಪಾಡು. 22 ವರ್ಷದಿಂದ ಕೋರ್ಟಿನಲ್ಲಿ ಟೈಪಿಸ್ಟ್. ಕಟಕಟೆಯಲ್ಲಿ ನಿಂತವರು ಹೇಳಿದ್ದನ್ನು ನ್ಯಾಯಾಧೀಶ ಸಾಹೇಬರು ಹೇಳಿ ಬರೆಸುತ್ತಾರೆ, ನಾನು ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಕುಟ್ಟುತ್ತೇನೆ. ಮೊದಲು ಸಾಕ್ಷಿಯನ್ನು ಕರೆಸಿದ ಕಡೆಯ ವಕೀಲರ ಮುಖ್ಯ ವಿಚಾರಣೆ, ಆಮೇಲೆ ಎದುರಿನ ವಕೀಲರ ಪಾಟೀ ಸವಾಲು. “ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ” ಎಂಬ ವಾಕ್ಯವನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ. ಕೊನೆಗೆ “ಓದಿ ಹೇಳಲಾಯಿತು, ಸರಿ ಇದೆ” ಎಂಬ ಸಾಲು, ಅದರ ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಬೇರೆಯವರ ಸಾಕ್ಷಿ ಇಷ್ಟೊಂದು ಬರೆದವಳು ನನ್ನದನ್ನು ಹೇಳು ಅಂದಾಗಲೆಲ್ಲ ಹದಿನೈದು ವರ್ಷ ತಪ್ಪಿಸಿಕೊಂಡೆ. ಒಂದು ಸಲ ಗಂಟಲು ಕಟ್ಟಿದೆ ಅಂದೆ, ಇನ್ನೊಂದು ಸಲ ಅತ್ತೆಗೆ ಹುಷಾರಿಲ್ಲ ಅಂದೆ. ಅತ್ತೆ ಹುಷಾರಾಗಿಯೇ ಇದ್ದರು.

ನಿಜವಾದ ಕಾರಣ, ನನ್ನ ಹತ್ತಿರ ಕಥೆಯೇ ಇರಲಿಲ್ಲ. ಸಾಕ್ಷಿ ಅಂದರೆ ನಮ್ಮಲ್ಲಿ ಒಂದು ಅಚ್ಚು ಇದೆ. ಮೊದಲು ಕತ್ತಲೆ. ಅದು ಕುಡಿತವೋ ಸಾಲವೋ ಡಾಕ್ಟರರು ಕೈಬಿಟ್ಟ ಕಾಯಿಲೆಯೋ ಆಗಬೇಕು. ಆಮೇಲೆ ಒಂದು ರಾತ್ರಿ, ಒಂದು ಧ್ವನಿ, ಕಣ್ಣೀರು, ಬೆಳಕು. ಅಂಥವು ಸುಳ್ಳು ಅಂತ ನಾನು ಹೇಳುವುದಿಲ್ಲ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಪೌಲನಿಗೆ ದಮಸ್ಕದ ದಾರಿಯಲ್ಲಿ ಬೆಳಕು ಬಡಿದು ನೆಲಕ್ಕೆ ಬಿದ್ದಾಗ ಹಾಗೇ ಆಯಿತು, ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಆ ಕಥೆ ಮೂರು ಸಲ ಬರುತ್ತದೆ: 9, 22, 26ನೆಯ ಅಧ್ಯಾಯಗಳಲ್ಲಿ. ನನ್ನದು ಹಾಗಲ್ಲ. 1923ರಲ್ಲಿ ಸ್ವಿಸ್ ಡಾಕ್ಟರ್ ಈವಾ ಲೊಂಬಾರ್ಡ್ ಶುರುಮಾಡಿದ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದೆ. ಮುತ್ತಜ್ಜ ಮಲ್ಪೆಯಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುತ್ತಿದ್ದವರು. ತೊಟ್ಟಿಲಲ್ಲಿದ್ದಾಗ ದೀಕ್ಷಾಸ್ನಾನ, ಹದಿನೈದಕ್ಕೆ ದೃಢೀಕರಣ, ಆಮೇಲೆ ಹಾಡುವ ತಂಡದಲ್ಲಿ ಆಲ್ಟೋ, ಅಂದರೆ ಹೆಂಗಸರ ತಗ್ಗಿನ ಸ್ವರ. ನನ್ನ ದಮಸ್ಕದ ದಾರಿ ಅಂದರೆ ಉಡುಪಿ–ಮಲ್ಪೆ ರಸ್ತೆ. ಅಲ್ಲಿ ಹೊಂಡ ಬಿಟ್ಟರೆ ಬೇರೇನೂ ನನ್ನನ್ನು ಬೀಳಿಸಿದ್ದಿಲ್ಲ.

ನಮ್ಮ ಹಿರಿಯರ ಸಾಕ್ಷಿ ಹೇಗಿದ್ದಿರಬಹುದು ಎಂದು ಆಗಾಗ ಯೋಚನೆ ಬರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ತೆಗೆದುಕೊಂಡರು. ಬಾಸೆಲ್‌ಗೆ ಹೋಗಿ ಓದಿ, ಹೆರ್ಮನ್ ಕೌಂಡಿನ್ಯ ಆಗಿ ಪಾದ್ರಿಯಾಗಿ ಮರಳಿದರು. ಅವರ ಕಥೆ ಇವತ್ತಿಗೂ ಹೇಳುವವರಿದ್ದಾರೆ. ಹಂಚು ಸುಟ್ಟವರು, ಮಗ್ಗದಲ್ಲಿ ಕೂತವರು ಏನು ಹೇಳಿದ್ದರು? ನಮ್ಮ ಮನೆಯವರ ಬಗ್ಗೆ ಹಳೆಯ ಪುಸ್ತಕದಲ್ಲಿ ಇರುವುದು ಒಂದೇ ಸಾಲು: ಹೆಸರು, ತಾರೀಕು, ಹೊಸ ಹೆಸರು. ಯಾಕೆ ಅಂತ ಬರೆದಿಲ್ಲ. ಮುತ್ತಜ್ಜ ಮುತ್ತಜ್ಜಿಯರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ.

ಎರಡು ವಾರದ ಹಿಂದೆ ಕಾರ್ಯದರ್ಶಿಯವರು ಮನೆಗೇ ಬಂದರು. ಈ ಸಲ ತಪ್ಪಿಸುವ ಹಾಗಿರಲಿಲ್ಲ. ಸಹಾಯ ಮಾಡಲೆಂದೇ ಕೇಳಿದರು: “ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಕರ್ತನು ನಿಮಗೆ ಬಲ ಕೊಟ್ಟ ಅಲ್ವಾ? ನಿಮ್ಮ ಜೊತೆ ಮಾತಾಡಿದ ಅಲ್ವಾ?” ಮನಸ್ಸಿನಲ್ಲಿ ನಕ್ಕೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವುದು. ಮುಖ್ಯ ವಿಚಾರಣೆಯಲ್ಲಿ ಹೀಗೆ ಕೇಳಿದರೆ ಎದುರಿನ ವಕೀಲರು ಕುರ್ಚಿ ಬಿಟ್ಟು ಏಳುತ್ತಾರೆ.

ಹಳೆಯ ಕಾಸ್ ಲಿಸ್ಟಿನ, ಅಂದರೆ ಕೋರ್ಟಿನ ದಿನದ ಕೇಸುಗಳ ಪಟ್ಟಿಯ, ಹಿಂಬದಿಯಲ್ಲಿ ಬರೆಯಲು ಕೂತೆ. ಮೊದಲ ಪ್ರತಿಯಲ್ಲಿ ನನ್ನ ಕೈಯೇ ಬರೆಯಿತು: “ಆ ರಾತ್ರಿ ಒಂದು ಧ್ವನಿ ಕೇಳಿದಂತಾಯಿತು.” ಯಾವ ರಾತ್ರಿ? ಯಾವ ಧ್ವನಿ? ಆ ವರ್ಷ ನಾನು ರಾತ್ರಿ ಮಾತ್ರೆ ತೆಗೆದುಕೊಂಡು ಕೊರಡಿನ ಹಾಗೆ ಮಲಗುತ್ತಿದ್ದೆ. ಹೊಡೆದುಹಾಕಿದೆ. ಸಾಕ್ಷ್ಯ ಕಾನೂನಿನಲ್ಲಿ ಒಂದು ಮಾತಿದೆ, 1872ರಿಂದ ಇದೆ: ನೋಡಿದ ಸಂಗತಿಯಾದರೆ ನೋಡಿದವನೇ ಹೇಳಬೇಕು, ಕೇಳಿದ್ದಾದರೆ ಕೇಳಿದವನೇ. ಕಳೆದ ವರ್ಷ ಜುಲೈ 1ಕ್ಕೆ ಹೊಸ ಅಧಿನಿಯಮ ಬಂದು ಕಲಮಿನ ನಂಬರು ಬದಲಾಯಿತು, ಮಾತು ಅದೇ ಉಳಿಯಿತು.

ಮತ್ತೆ ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ ತೆಗೆದೆ. ಹುಟ್ಟುಕುರುಡನಿಗೆ ಕಣ್ಣು ಬಂದ ಕಥೆ. ಚಿಕ್ಕಂದಿನಿಂದ ಕೇಳಿದ್ದೇ, ಆದರೆ ಈ ಸಲ ಇಡೀ ಅಧ್ಯಾಯ ನನಗೆ ಕೋರ್ಟ್ ಹಾಲ್ ಆಗಿ ಕಂಡಿತು. ಮೊದಲು ನೆರೆಹೊರೆಯವರನ್ನು ವಿಚಾರಿಸುತ್ತಾರೆ. ಇವನೇ ಅವನು ಅಂತ ಕೆಲವರು, ಅಲ್ಲ ಅವನ ಹಾಗಿದ್ದಾನೆ ಅಂತ ಕೆಲವರು. ಆಮೇಲೆ ಅಪ್ಪ ಅಮ್ಮನನ್ನು ಕರೆಸುತ್ತಾರೆ. ಅವರು ಹೆದರಿ, “ಮಗ ನಮ್ಮವನೇ, ಕುರುಡನಾಗಿ ಹುಟ್ಟಿದ್ದೂ ಹೌದು, ಉಳಿದದ್ದು ಗೊತ್ತಿಲ್ಲ, ಪ್ರಾಯಕ್ಕೆ ಬಂದವನು, ಅವನನ್ನೇ ಕೇಳಿ” ಅನ್ನುತ್ತಾರೆ. ಕರೆಸಿದವರಿಗೇ ತಿರುಗಿಬೀಳುವ ಪೂರ್ತಿ ಪ್ರತಿಕೂಲ ಸಾಕ್ಷಿ ಅಲ್ಲದಿದ್ದರೂ ಅರ್ಧ. ಮತ್ತೆ ಅವನಿಗೆ ಪಾಟೀ ಸವಾಲು. ಅವನ ಹೇಳಿಕೆಯನ್ನು ನಾನು ಟೈಪ್ ಮಾಡಿದ್ದರೆ ಹೀಗಿರುತ್ತಿತ್ತು:

“ಒಬ್ಬರು ನನ್ನ ಕಣ್ಣಿಗೆ ಕೆಸರು ಹಚ್ಚಿದರು. ಸಿಲೋವ ಕೊಳದಲ್ಲಿ ತೊಳೆಯಲು ಹೇಳಿದರು. ತೊಳೆದೆ. ಕಣ್ಣು ಕಾಣಿಸಿತು. ಹಚ್ಚಿದವರು ಈಗ ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲ. ಅವರು ಪಾಪಿಯೋ ಅಲ್ಲವೋ ನನಗೆ ಗೊತ್ತಿಲ್ಲ. ನಾನು ಮೊದಲು ಕುರುಡನಾಗಿದ್ದೆ, ಈಗ ಕಾಣುತ್ತದೆ.”

ಎರಡು ಕಡೆ ‘ಗೊತ್ತಿಲ್ಲ’. ಅವನನ್ನು ಯಾವ ವಕೀಲರಿಗೂ ಅಲ್ಲಾಡಿಸಲಿಕ್ಕಾಗಲಿಲ್ಲ, ಹೊರಗೆ ಹಾಕಿದರು ಅಷ್ಟೇ. ತುಂಬ ಹಿಂದೆ ಒಂದು ಗಡಿ ತಕರಾರಿನಲ್ಲಿ ಸಾಕ್ಷಿ ಹೇಳಿದ ಅಜ್ಜಿಯೊಬ್ಬರು ನೆನಪಾದರು. ಕಂಪೌಂಡ್ ಗೋಡೆ ಕಟ್ಟಿದ್ದು ಯಾರು ಅಂತ ವಕೀಲರು ತಿರುಗಿಸಿ ತಿರುಗಿಸಿ ಕೇಳಿದರು. ಅಜ್ಜಿ ತುಳುವಿನಲ್ಲಿ ಒಂದೇ ಮಾತು: “ಕಟ್ಟುವುದನ್ನು ನಾನು ನೋಡಿಲ್ಲ. ಬೆಳಿಗ್ಗೆ ಏಳುವಾಗ ಇತ್ತು.”

ಆ ಅಜ್ಜಿಯ ಧೈರ್ಯದಲ್ಲಿ ನಾನು ಇವತ್ತು ಹೇಳಿದ್ದು ಇಷ್ಟು. ನನ್ನ ಯಜಮಾನರಿಗೆ ಮೂರು ವರ್ಷ ಡಯಾಲಿಸಿಸ್, ವಾರಕ್ಕೆ ಎರಡು ಸಲ. ಗುಣವಾಗಲಿ ಅಂತ ಪ್ರಾರ್ಥಿಸಿದೆ. ಇಡೀ ಸಭೆ ಪ್ರಾರ್ಥಿಸಿತು. ಗುಣವಾಗಲಿಲ್ಲ. 2018ರ ಡಿಸೆಂಬರಿನಲ್ಲಿ ಹೋದರು. ಆಮೇಲೆ ನಾನು ಪ್ರಾರ್ಥನೆ ನಿಲ್ಲಿಸಿದೆ. ಆರಾಧನೆಗೆ ಬರುವುದನ್ನು ನಿಲ್ಲಿಸಲಿಲ್ಲ, ಯಾಕೆಂದರೆ ನಿಲ್ಲಿಸಿದರೆ ನೀವೆಲ್ಲ ಕೇಳುತ್ತೀರಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಲ್ಟೋ ಸಾಲಿನಲ್ಲಿ ನಿಂತು ಬಾಯಿ ಮಾತ್ರ ಆಡಿಸಿದೆ. 2020ರಲ್ಲಿ ಲಾಕ್‌ಡೌನ್ ಬಂತು. ಕೋರ್ಟು ಇಲ್ಲ, ಆರಾಧನೆ ಇಲ್ಲ, ನಾನು ಬಂದೆನೋ ಇಲ್ಲವೋ ಅಂತ ನೋಡುವವರು ಇಲ್ಲ. ಒಂದು ಭಾನುವಾರ ಎಂಟೂವರೆಗೆ, ಗಂಟೆ ಹೊಡೆಯುವ ಹೊತ್ತಿಗೆ, ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ‘ಪರಲೋಕದಲ್ಲಿರುವ ತಂದೆಯೇ’ ಅಂತ ಹೇಳುತ್ತಿದ್ದೇನೆ ಎಂದು ಅರ್ಧಕ್ಕೆ ಬಂದಾಗ ಗೊತ್ತಾಯಿತು. ಅದೂ ತುಳುವಿನಲ್ಲಿ. ಮನೆ ಪ್ರಾರ್ಥನೆಯಲ್ಲಿ ನಮ್ಮ ಯಜಮಾನರು ಹೇಳುತ್ತಿದ್ದ ಹಾಗೆ. ಯಾಕೆ ಬಂತು ಗೊತ್ತಿಲ್ಲ. ಅವತ್ತಿನಿಂದ ನಿಂತಿಲ್ಲ.

ಇಷ್ಟೇ. ಇದರಲ್ಲಿ ಅಂಥದ್ದೇನು ಅಂತ ನನಗೇ ಅನಿಸುತ್ತದೆ, ಆದರೂ ಹೇಳುವಾಗ ಮಂಡಿ ನಡುಗಿತು. ಕಟಕಟೆಯವರ ಕಷ್ಟ ಇವತ್ತು ಗೊತ್ತಾಯಿತು.

ಚಹಾದ ಹೊತ್ತಿಗೆ ನಿಜವಾದ ಪಾಟೀ ಸವಾಲು ಬಂತು. ಸಭೆಯ ಹಿರಿಯ ಮಾಮಿ, ಎಂಬತ್ತು ದಾಟಿದವರು, ನನ್ನ ಕೈಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು: “ಅವನಿಗೋಸ್ಕರ ನಾನು ಶುಕ್ರವಾರ ಶುಕ್ರವಾರ ಉಪವಾಸ ಮಾಡಿದ್ದೆ ಮಗಾ. ನೀನು ಬಾಯಿ ಮಾತ್ರ ಆಡಿಸ್ತಾ ಇದ್ದದ್ದಾ?” ಅವರ ಲೋಟದ ಚಹಾ ಬಸಿಯಲ್ಲಿ ತುಳುಕಿತ್ತು. ನನಗೆ ಉತ್ತರ ಹೊಳೆಯಲಿಲ್ಲ. “ಹೌದು ಮಾಮಿ” ಅಂದೆ. ಅವರು ತಲೆಯಾಡಿಸಿ, ಕೊಡೆ ಹುಡುಕಿಕೊಂಡು, ಬಿಸ್ಕತ್ತು ಮುಟ್ಟದೆ ಹೋದರು. ಸತ್ಯ ಹೇಳಿದರೆ ಸಾಕು ಅಂದುಕೊಂಡಿದ್ದೆ. ಆ ಸತ್ಯದೊಳಗೆ ಬೇರೆಯವರ ಉಪವಾಸವೂ ಇತ್ತು ಎಂಬುದು ಕಾಸ್ ಲಿಸ್ಟಿನ ಹಿಂದೆ ಬರೆಯುವಾಗ ಹೊಳೆದಿರಲಿಲ್ಲ. ಕಾರ್ಯದರ್ಶಿಯವರ ಮುಖಕ್ಕಿಂತ ಮಾಮಿಯ ಆ ಲೋಟ ಕಣ್ಣಲ್ಲಿ ನಿಂತಿದೆ.

ಸಭೆಯ ಹೊರಗೆ ನಾನು ಇದನ್ನು ಯಾರಿಗೂ ಹೇಳಿದವಳಲ್ಲ. ಆಫೀಸಿನಲ್ಲಂತೂ ಇಲ್ಲ. ನಮ್ಮ ಕರಾವಳಿಯಲ್ಲಿ ಕ್ರೈಸ್ತರ ‘ಸಾಕ್ಷಿ’ ಎಂಬ ಮಾತಿಗೆ, ಮತಾಂತರದ ಸಂಶಯವೂ ಸೇರಿ, ಬೇರೆಯೇ ಭಾರ ಇದೆ. 2008ರ ಸೆಪ್ಟೆಂಬರಿನಲ್ಲಿ ಚರ್ಚುಗಳ ಮೇಲೆ ದಾಳಿಯಾದ ದಿನಗಳಲ್ಲಿ ನಾವು ಮನೆ ಪ್ರಾರ್ಥನೆಗೂ ಕಿಟಕಿ ಮುಚ್ಚಿ ಕೂತಿದ್ದೆವು. ಸಂವಿಧಾನದ 25ನೆಯ ಅನುಚ್ಛೇದದಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯವೂ ಇದೆ, ಧರ್ಮವನ್ನು ಪ್ರಚಾರ ಮಾಡುವ ಹಕ್ಕೂ ಇದೆ. ಇನ್ನೊಬ್ಬರನ್ನು ಮತಾಂತರ ಮಾಡುವುದು ಆ ಹಕ್ಕಿನಲ್ಲಿ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ಅದರಲ್ಲಿ ನನಗೆ ತೊಂದರೆ ಇಲ್ಲ. ಪೇತ್ರನ ಮೊದಲ ಪತ್ರದಲ್ಲೂ ಉತ್ತರ ಕೊಡಲು ಸಿದ್ಧವಾಗಿರಿ ಅಂತ ಇರುವುದು ಕೇಳುವವರಿಗೆ, ಅದೂ ಸೌಮ್ಯವಾಗಿ. ಯಾರೂ ಕೇಳಿರಲಿಲ್ಲ, ಹಾಗಾಗಿ ನಾನು ಆರಾಮವಾಗಿದ್ದೆ.

ಇವತ್ತು ಸಂಜೆ ಕೇಳಿದರು. ಪಕ್ಕದ ಮನೆಯ ಅಕ್ಕ ಸೆರಗು ತಲೆಗೆ ಹಾಕಿಕೊಂಡು ಮಳೆಯಲ್ಲೇ ಬಂದರು, ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ. ತುಳುವರ ಮಳೆಗಾಲದ ತಿಂಗಳು ಆಟಿಯ ಮೊದಲ ಪತ್ರೊಡೆ, ಕೆಸುವಿನೆಲೆಯದು. ಗುರುವಾರ ಆಟಿ ಅಮಾವಾಸ್ಯೆ, ಅವತ್ತು ಕುಡಿಯುವ ಪಾಲೆ ಮರದ ಕಷಾಯಕ್ಕೆ ಮೊಮ್ಮಗನನ್ನು ಒಪ್ಪಿಸುವುದೇ ದೊಡ್ಡ ಕೆಲಸ ಅಂತ ಗೊಣಗಿದರು. ಮತ್ತೆ, “ಇವತ್ತು ನೀನು ಭಾಷಣ ಮಾಡಿದ್ದಂತೆ? ಎಂಥದ್ದು?” ಅಂದರು. ಯಾರು ಹೇಳಿದರೋ. ಭಾಷಣ ಅಲ್ಲಕ್ಕ ಅಂದೆ. ಹೇಳು ಅಂದರು. ಅಡುಗೆಮನೆಯಲ್ಲೇ ನಿಂತು ತುಳುವಿನಲ್ಲಿ ಹೇಳಿದೆ. ಇಲ್ಲಿ ಮಂಡಿ ನಡುಗಲಿಲ್ಲ.

ಅಕ್ಕ ಪೂರ್ತಿ ಕೇಳಿ, “ಅದು ಭಾನುವಾರ ಅಲ್ಲ ಮಾರಾಯ್ತಿ” ಅಂದರು.

“ಏನು ಅಕ್ಕ?”

“ನೀನು ಕಾಯಿ ತುರಿಯುತ್ತಾ ಮಾತಾಡ್ತಾ ಇದ್ದದ್ದು. ಅದು ಬಿಸುವಿನ ದಿನ. ಪಾಯಸ ತಗೊಂಡು ಹಿಂದಿನ ಬಾಗಿಲಿಗೆ ಬಂದಿದ್ದೆ. ಒಳಗೆ ಸ್ವರ ಕೇಳಿತು. ಅವರು ಇದ್ದಾಗ ಹೇಳ್ತಾ ಇದ್ದದ್ದೇ ಅಂತ ಗೊತ್ತಾಯ್ತು. ಬಾಗಿಲು ತಟ್ಟದೆ ವಾಪಸ್ ಹೋದೆ, ಮಧ್ಯಾಹ್ನ ತಂದುಕೊಟ್ಟೆ. ನಿನಗೆ ನೆನಪಿಲ್ವಾ?”

ಪಾಯಸ ನೆನಪಿದೆ. ಅಕ್ಕ ಮನೆಗೆ ಹೋದ ಮೇಲೆ ಫೋನಿನಲ್ಲಿ 2020ರ ಕ್ಯಾಲೆಂಡರ್ ತೆಗೆದೆ. ಬಿಸು, ಅಂದರೆ ತುಳುವರ ಹೊಸ ವರ್ಷ, ಏಪ್ರಿಲ್ 14, ಮಂಗಳವಾರ. ಎರಡು ದಿನ ಮೊದಲು, 12ಕ್ಕೆ, ಈಸ್ಟರ್. ಹಾಗಾದರೆ ಎಂಟೂವರೆಯ ಗಂಟೆ, ಆರಾಧನೆಯ ಹೊತ್ತು, ಅದೆಲ್ಲ ನಾನು ಆಮೇಲೆ ಹಚ್ಚಿದ ಬಣ್ಣ. ಧ್ವನಿಯನ್ನು ಹೊಡೆದುಹಾಕಿದವಳು ಭಾನುವಾರವನ್ನು ನನಗೇ ಗೊತ್ತಿಲ್ಲದೆ ಸೇರಿಸಿದ್ದೆ. ಲಾಕ್‌ಡೌನಿನಲ್ಲಿ ಎಲ್ಲ ದಿನವೂ ಭಾನುವಾರವೇ ಆಗಿತ್ತು ಅಂತ ವಾದಿಸಬಹುದು, ಆದರೆ ನಮ್ಮ ಸಾಹೇಬರು ಒಪ್ಪುವುದಿಲ್ಲ.

ಐದು ವರ್ಷ ಅಕ್ಕ ಇದನ್ನು ಇಟ್ಟುಕೊಂಡಿದ್ದರು. ನನ್ನ ಸಾಕ್ಷಿಗೆ ಕಣ್ಣಾರೆ ಅಲ್ಲದಿದ್ದರೂ ಕಿವಿಯಾರೆ ಇನ್ನೊಂದು ಸಾಕ್ಷಿ, ಅದೂ ಸಂಬಂಧವಿಲ್ಲದ ಸ್ವತಂತ್ರ ಸಾಕ್ಷಿ.

ಪತ್ರೊಡೆ ನಾನೂ ಅತ್ತೆಯೂ ಎರಡೆರಡು ತಿಂದೆವು. ಎರಡು ಸುರುಳಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೆಚ್ಚಿ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಿಸಬೇಕು. ಕೋರ್ಟು ಬಿಟ್ಟ ಮೇಲೆ ಮಾಮಿಯ ಮನೆಗೆ ಹೋಗುತ್ತೇನೆ. ಉಪವಾಸದ ಪ್ರಶ್ನೆಗೆ ಉತ್ತರ ಇನ್ನೂ ಇಲ್ಲ. ಭಾನುವಾರ ಅಲ್ಲ, ಮಂಗಳವಾರ ಅಂತ ತಿದ್ದುಪಡಿಯನ್ನಾದರೂ ಹೇಳಿ ಬರುತ್ತೇನೆ.

ಕರೆಂಟು ಹೋಯಿತು.