ಗ್ಲುಟೆನ್ ಇಲ್ಲದ ಬಿಯರ್: ಪಿಷ್ಟ ಬೇಯುವ ಹೊತ್ತಿಗೆ ಕಿಣ್ವ ಉಳಿದಿರುವುದಿಲ್ಲ

ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುವುದರಿಂದ ಈ ಬಿಯರಿಗೆ ಬೇರೆ ಧಾನ್ಯ ಬೇಕು. ಆದರೆ ಬಾರ್ಲಿಯ ವಿಧಾನವನ್ನು ಹಾಗೇ ಇಟ್ಟುಕೊಂಡು, ಧಾನ್ಯ ಮಾತ್ರ ಬದಲಿಸಿ 66 ಡಿಗ್ರಿಯಲ್ಲಿ ಒಂದು ಗಂಟೆ ಮ್ಯಾಶ್ ಮಾಡಿದರೆ (ಬೀಸಿದ ಧಾನ್ಯವನ್ನು ಬಿಸಿನೀರಿನಲ್ಲಿಟ್ಟು ಪಿಷ್ಟವನ್ನು ಸಕ್ಕರೆಯಾಗಿಸುವುದೇ ಮ್ಯಾಶ್) ಸಿಗುವುದು ಮಬ್ಬು ಗಂಜಿನೀರು. ಅದರಲ್ಲಿ ಸಕ್ಕರೆ ಕಡಿಮೆ, ಪಿಷ್ಟ ಜಾಸ್ತಿ. ತಪ್ಪು ಧಾನ್ಯದ್ದಲ್ಲ, ಉಷ್ಣತೆಯದು.

ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿಯೊಳಗೆ ಬೆಂದು ಬಿಚ್ಚಿಕೊಳ್ಳುತ್ತದೆ. ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸುವ ಅದರ ಕಿಣ್ವ ಬೀಟಾ ಅಮೈಲೇಸ್ ಕೂಡ ಅದೇ ಉಷ್ಣತೆಯಲ್ಲಿ ಚುರುಕಾಗಿರುತ್ತದೆ, ಹಾಗಾಗಿ ಒಂದೇ ಪಾತ್ರೆಯಲ್ಲಿ ಎರಡೂ ಕೆಲಸ ಒಟ್ಟಿಗೇ ಮುಗಿಯುತ್ತವೆ. ಜೋಳ, ಬರಗು, ಅಕ್ಕಿಗಳ ಪಿಷ್ಟ ಬಿಚ್ಚಿಕೊಳ್ಳಲು ಸಾಮಾನ್ಯವಾಗಿ 68ರಿಂದ 78 ಡಿಗ್ರಿ ಬೇಕು. ಅಷ್ಟು ಕಾವಿಗೆ ಬೀಟಾ ಅಮೈಲೇಸ್ ನಾಶವಾಗಿ, ಜೊತೆಯ ಕಿಣ್ವ ಆಲ್ಫಾ ಅಮೈಲೇಸ್ ಕೂಡ ಸೋಲುತ್ತಿರುತ್ತದೆ. ಕತ್ತರಿ ಇದ್ದಾಗ ಬಟ್ಟೆ ಇಲ್ಲ, ಬಟ್ಟೆ ಬಂದಾಗ ಕತ್ತರಿ ಇಲ್ಲ. ಮುಂದಿನ ಹೆಚ್ಚಿನ ಹಂತಗಳೆಲ್ಲ ಈ ಒಂದು ತೊಡಕನ್ನು ಬಿಡಿಸುವುದಕ್ಕಾಗಿ.

ಹಳೆಯ ದಾರಿ ಹೀಗೆ: ಪುಡಿ ಮಾಡಿದ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಮೇಲೆ ನಿಂತ ತಿಳಿಯನ್ನು ಬಗ್ಗಿಸಿ ಎತ್ತಿಡುವುದು. ಕಿಣ್ವಗಳು ಆ ತಿಳಿಯಲ್ಲಿರುತ್ತವೆ. ತಳದ ಗಷ್ಟನ್ನು 20 ನಿಮಿಷ ಕುದಿಸಿ, 65 ಡಿಗ್ರಿಯ ಹತ್ತಿರಕ್ಕೆ ತಣಿಸಿ, ತಿಳಿಯನ್ನು ಮತ್ತೆ ಬೆರೆಸಬೇಕು. ಹೊರಗಿನ ಕಿಣ್ವ ಬೇಡ ಎನ್ನುವವರಿಗೆ ಇದೇ ಸರಿ. ಆದರೆ ಜೋಳದ ಮಾಲ್ಟಿನಲ್ಲಿ ಬೀಟಾ ಅಮೈಲೇಸ್ ಹುಟ್ಟಿನಿಂದಲೇ ಕಡಿಮೆ, ಆದ್ದರಿಂದ ಯೀಸ್ಟಿಗೆ ಬೇಕಾದ ಮಾಲ್ಟೋಸ್ ಸಕ್ಕರೆ ಸಾಕಷ್ಟು ಬರುವುದಿಲ್ಲ. ನಮ್ಮ ಒಲವು ಎರಡನೆಯ ದಾರಿಯ ಕಡೆಗೆ: ಬಿಸಿ ತಾಳುವ ಕಿಣ್ವ ಹಾಕಿ ಮೇಲಿನಿಂದ ಕೆಳಕ್ಕೆ ಇಳಿಯುವ ಮ್ಯಾಶ್.

20 ಲೀಟರಿಗೆ ಬರಗಿನ ಮಾಲ್ಟ್ 4.5 ಕಿಲೋ, ಬಕ್‌ವೀಟ್ ಮಾಲ್ಟ್ (ಹೆಸರಿನಲ್ಲಷ್ಟೇ ಗೋಧಿ, ಗ್ಲುಟೆನ್ ಇಲ್ಲದ ಕಾಳು) 700 ಗ್ರಾಂ, ಹುರಿದ ಬರಗಿನ ಮಾಲ್ಟ್ 300 ಗ್ರಾಂ, ಜೊತೆಗೆ ತೊಳೆದ ಭತ್ತದ ಉಮಿ 500 ಗ್ರಾಂ. ಉಮಿ ರುಚಿಗಲ್ಲ, ಸೋಸುವಾಗ ನೀರು ಇಳಿಯಲು ದಾರಿ ಬೇಕಲ್ಲ, ಅದಕ್ಕೆ. ಬಕ್‌ವೀಟ್ ನೊರೆಗೂ ಯೀಸ್ಟಿನ ಆಹಾರಕ್ಕೂ ಒಳ್ಳೆಯದು, ಆದರೆ ಕಾಲು ಭಾಗ ದಾಟಿದರೆ ಮ್ಯಾಶ್ ಅಂಟಾಗಿ ಸೋಸುವಿಕೆ ನಿಂತೇಹೋಗುತ್ತದೆ.

ಬೀಸುವುದರಲ್ಲಿ ಅವಸರ ಬೇಡ. ಬರಗಿನ ಕಾಳು ಬಾರ್ಲಿಗೆ ಹೊಂದಿಸಿದ ರೋಲರಿನ ನಡುವೆ ಹಾಗೇ ಜಾರಿ ಇಳಿಯುತ್ತದೆ. ಅಂತರವನ್ನು 0.65ರಿಂದ 0.7 ಮಿಲಿಮೀಟರಿಗೆ ತನ್ನಿ. ಬೀಸಿದ್ದನ್ನು ಒಂದು ಹಿಡಿ ತೆಗೆದು ನೋಡಿ: ಇಡೀ ಕಾಳು ಕಂಡರೆ ಮತ್ತೊಮ್ಮೆ ಹಾಕಿ. ಇಳುವರಿ ಕಡಿಮೆ ಬಂತೆಂದು ಕಿಣ್ವವನ್ನು ದೂರುವ ಮೊದಲು ನೋಡಬೇಕಾದದ್ದು ಇದನ್ನೇ.

16.5 ಲೀಟರ್ ನೀರಿಗೆ 5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ 88 ಡಿಗ್ರಿಗೆ ಕಾಯಿಸಿ. ಆಲ್ಫಾ ಅಮೈಲೇಸ್ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ಬಿಸಿ ತಾಳುವ ಆಲ್ಫಾ ಅಮೈಲೇಸನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಅಳೆದುಕೊಂಡು, ಅರ್ಧವನ್ನು ಧಾನ್ಯಕ್ಕಿಂತ ಮೊದಲೇ ನೀರಿಗೆ ಹಾಕಿ. ಧಾನ್ಯ ಮೊದಲು ಬಿದ್ದರೆ ಪಿಷ್ಟ ಕ್ಷಣದಲ್ಲಿ ಅಂಬಲಿಯಂತೆ ಕಟ್ಟಿಕೊಂಡು ಗಂಟಾಗುತ್ತದೆ, ಗಂಟಿನೊಳಕ್ಕೆ ಕಿಣ್ವ ಹೋಗುವುದಿಲ್ಲ. ಪಿಎಚ್ 5.6ರಿಂದ 6.0. ಮ್ಯಾಶ್ 80 ಡಿಗ್ರಿಯ ಆಸುಪಾಸಿಗೆ ನಿಂತ ಮೇಲೆ ಉಳಿದರ್ಧ ಹಾಕಿ 60 ನಿಮಿಷ ಬಿಡಿ.

ಆಮೇಲೆ 25 ಡಿಗ್ರಿಯ ಕುದಿಸಿ ಆರಿಸಿದ ನೀರು ಸುಮಾರು 11 ಲೀಟರ್ ಸುರಿದರೆ ಮ್ಯಾಶ್ 60 ಡಿಗ್ರಿಗೆ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ 5.2ಕ್ಕೆ ತಂದು ಪಿಷ್ಟದ ತುಂಡುಗಳನ್ನು ಗ್ಲೂಕೋಸ್ ಆಗಿಸುವ ಗ್ಲೂಕೋಅಮೈಲೇಸ್ ಕಿಣ್ವ ಹಾಕಿ. ಒಂದು ಗಂಟೆ ಬಿಟ್ಟರೆ ಬಿಯರ್ ಶುಷ್ಕವಾಗುತ್ತದೆ, ಮೈತುಂಬಿದ ಬಿಯರ್ ಬೇಕಿದ್ದರೆ ಅರ್ಧ ಗಂಟೆ ಸಾಕು. ಈ ಕಿಣ್ವವನ್ನು ಹುದುಗುಪಾತ್ರೆಗೆ ಹಾಕಲೇಬೇಡಿ. ಅಲ್ಲಿ ಅದನ್ನು ನಿಲ್ಲಿಸುವ ಕುದಿತ ಇಲ್ಲ, ಬಿಯರಿಗೆ ಮೈ ಕೊಡುವ ಡೆಕ್ಸ್ಟ್ರಿನ್ ಎಲ್ಲ ತಿಂದು ಬಿಯರನ್ನು ನೀರಾಗಿಸುತ್ತದೆ.

ಪಿಷ್ಟ ಇನ್ನೂ ಉಳಿದಿದೆಯೇ ಎಂದು ತಿಳಿಸುವ ಅಯೋಡಿನ್ ಪರೀಕ್ಷೆಗೆ (ಪಿಷ್ಟವಿದ್ದರೆ ನೀಲಿ) ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಹೊಟ್ಟಿನ ಚೂರು ಬಿದ್ದರೂ ನೀಲಿ ಬಣ್ಣ ಬಂದು ಸುಮ್ಮನೆ ಹೆದರಿಸುತ್ತದೆ. ಸೋಸಿದ ಮೇಲೆ ಇನ್ನು 5 ಲೀಟರ್ ಬಿಸಿನೀರಿನಿಂದ ಗಷ್ಟನ್ನು ತೊಳೆಯಿರಿ. ಒಂದು ಗಂಟೆ ಕುದಿ, ಆರಂಭದಲ್ಲಿ 10 ಶೇಕಡಾ ಆಲ್ಫಾ ಆಮ್ಲದ (ಕಹಿ ಕೊಡುವ ಅಂಶ) ಹಾಪ್ಸ್ ಹೂ 20 ಗ್ರಾಂ. ಎಲ್ಲ ಸರಿಯಿದ್ದರೆ ಹುದುಗುವ ಮೊದಲಿನ ಸಾಂದ್ರತೆ (ನೀರಿನದು 1.000) 1.048ರ ಸುತ್ತ ಬರುತ್ತದೆ.

ಕಿಣ್ವ ಕೊಳ್ಳುವಾಗ ಒಂದು ಎಚ್ಚರ. ಬೀಟಾ ಅಮೈಲೇಸನ್ನು ಬಾರ್ಲಿಯಿಂದಲೇ ತೆಗೆಯುವುದುಂಟು, ಪುಡಿರೂಪದ ಶಿಲೀಂಧ್ರ ಅಮೈಲೇಸಿಗೆ ಗೋಧಿಹಿಟ್ಟು ಬೆರೆಸುವುದೂ ಉಂಟು. ಯೀಸ್ಟಿನದೂ ಅದೇ ಕಥೆ: ದ್ರವ ಯೀಸ್ಟನ್ನು ಬಾರ್ಲಿ ವರ್ಟಿನಲ್ಲಿ (ಹುದುಗುವ ಮೊದಲಿನ ಸಿಹಿ ರಸ) ಬೆಳೆಸಿರಬಹುದು. ಗ್ಲುಟೆನ್‌ರಹಿತ ಎಂದು ನಮೂದಿಸಿದ ಒಣ ಯೀಸ್ಟ್ 11 ಗ್ರಾಂ ಸಾಕು, 18ರಿಂದ 20 ಡಿಗ್ರಿ. ಗ್ಲೂಕೋಸ್ ತುಂಬಿದ ವರ್ಟಿನಲ್ಲಿ ಯೀಸ್ಟ್ ಮೊದಲು ಅದನ್ನೇ ಮುಗಿಸಿ ಮಾಲ್ಟೋಸಿನ ಮುಂದೆ ಸೋಮಾರಿಯಾಗುತ್ತದೆ. ಸಾರಜನಕ ಕಡಿಮೆಯಿದ್ದರೆ ಅಲ್ಲೇ ನಿಂತುಬಿಡುತ್ತದೆ. ಸತು ಇರುವ ಯೀಸ್ಟ್ ಪೋಷಕವನ್ನು ಕುದಿ ಮುಗಿಯಲು 10 ನಿಮಿಷ ಇರುವಾಗ ಹಾಕಿ. ಜೋಳದ ಸಿರಪ್ಪಿನಿಂದ ಮಾಡುವವರಿಗಂತೂ ಇದು ಬಿಡುವಂಥದ್ದಲ್ಲ.

ಮನೆಯಲ್ಲೇ ಜೋಳ ಮೊಳಕೆ ಕಟ್ಟುವವರು ಇದನ್ನು ಮರೆಯಬಾರದು: ಮೊಳಕೆಯೊಡೆದ ಜೋಳದ ಚಿಗುರು, ಬೇರುಗಳಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಅದು ಒಡೆದರೆ ಹೈಡ್ರೋಜನ್ ಸಯನೈಡ್. 50 ಡಿಗ್ರಿಯಲ್ಲಿ ಗರಿಗರಿಯಾಗುವಷ್ಟು ಒಣಗಿಸಿ, ಉಜ್ಜಿ, ಜರಡಿ ಹಿಡಿದು ಚಿಗುರು ಬೇರು ಪೂರ್ತಿ ತೆಗೆಯಬೇಕು. ಕಂದು ಜೋಳವನ್ನು ಆರಿಸಬೇಡಿ. ಅದರ ಟ್ಯಾನಿನ್ ಕಿಣ್ವಗಳನ್ನೇ ಕಟ್ಟಿಹಾಕುತ್ತದೆ. ಟ್ಯಾನಿನ್ ಇಲ್ಲದ ಬಿಳಿ ಜೋಳವೇ ಒಳ್ಳೆಯದು.

ಬಾರ್ಲಿ ಬಿಯರಿಗೆ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ ಗ್ಲುಟೆನ್ ಇಳಿಸುವ ವಿಧಾನವೂ ಇದೆ. ಸೀಲಿಯಾಕ್ (ಗ್ಲುಟೆನ್ ತಿಂದರೆ ಕರುಳು ಕೆಡುವ ರೋಗ) ಇರುವವರಿಗೆ ಅದನ್ನು ಕೊಡಬೇಡಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸಿನಲ್ಲಿ ಗ್ಲುಟೆನ್ ಇಲ್ಲದ್ದು ಎನ್ನಲು ಮಿತಿ ಕಿಲೋಗೆ 20 ಮಿಲಿಗ್ರಾಂ, ಆದರೆ ತುಂಡಾದ ಗ್ಲುಟೆನ್ನನ್ನು ಪರೀಕ್ಷೆಗಳು ನಂಬುವಂತೆ ಅಳೆಯಲಾರವು. ಬಾರ್ಲಿ ಬೀಸಿದ ಗಿರಣಿ, ಮರದ ಸೌಟು, ಗೀಚಿದ ಪ್ಲಾಸ್ಟಿಕ್ ಪಾತ್ರೆ, ಹಳೆಯ ಕೊಳವೆ ಇವೆಲ್ಲ ಈ ಕೆಲಸಕ್ಕೆ ಬೇರೆಯೇ ಇರಬೇಕು. ತೊಳೆದರೆ ಸಾಲದು.

ಬಾಟಲಿಗೆ ತುಂಬುವ ಮೊದಲು ಸಾಂದ್ರತೆ ಮೂರು ದಿನ ಒಂದೇ ಅಂಕಿಯಲ್ಲಿ ನಿಂತಿರಲಿ. ಸೋಮಾರಿ ಯೀಸ್ಟ್ ಬಾಟಲಿಯೊಳಗೆ ಎಚ್ಚೆತ್ತರೆ ಗಾಜು ಸಿಡಿಯುತ್ತದೆ. ಲೀಟರಿಗೆ 6 ಗ್ರಾಂ ಸಕ್ಕರೆ, ಎರಡು ವಾರ ಕೋಣೆಯ ಉಷ್ಣತೆ. ನೊರೆ ಬಾರ್ಲಿ ಬಿಯರಿನಷ್ಟು ಹೊತ್ತು ನಿಲ್ಲದಿದ್ದರೆ ಮುಂದಿನ ಸಲ ಬಕ್‌ವೀಟನ್ನು ಒಂದು ಕಿಲೋಗೆ ಏರಿಸಿ, ಅಷ್ಟೇ ಬರಗನ್ನು ಇಳಿಸಿ.